ಖಾಲಿ ಮಠ, ತುಂಬಿದ ಹೊಲ

ಸಂನ್ಯಾಸಿಗಳಿಲ್ಲದ ಮಠವನ್ನು ಏನು ಮಾಡಬೇಕು? ಬೀಗ ಜಡಿಯುವುದು ಸುಲಭ, ಹರಾಜು ಹಾಕುವುದು ಇನ್ನೂ ಸುಲಭ. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದವರು ರೈನಾವು ಎಂಬ ಊರಲ್ಲಿ ಮಾಡಿದ್ದು ಬೇರೆ. ಅದೂ ಗಡಿಯ ಊರೇ. ರೈನ್ ನದಿ ಊರನ್ನು ಬಳಸಿ ಹರಿಯುತ್ತದೆ, ಆಚೆ ದಂಡೆ ಜರ್ಮನಿ. ನಡುವೆ ಚಾವಣಿಯಿರುವ ಹಳೆಯ ಕಟ್ಟಿಗೆಯ ಸೇತುವೆ. ಎರಡೂ ಕಡೆ ಆಡುವ ಮಾತು ಜರ್ಮನ್, ಸರ್ಕಾರ ಮಾತ್ರ ಬೇರೆ ಬೇರೆ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡ್ರಿ.

ಮಠವಿರುವುದು ಹೊಳೆಯ ನಡುಗಡ್ಡೆಯಲ್ಲಿ. ಬೆನೆಡಿಕ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳು ಅದನ್ನು 778ರಲ್ಲಿ ಕಟ್ಟಿದರೆಂದು ಪ್ರತೀತಿ. 1862ರಲ್ಲಿ ಪ್ರಾಂತ್ಯದ ಶಾಸನಸಭೆ ಮಠವನ್ನು ರದ್ದುಮಾಡಿತು, ಆಸ್ತಿ ಸರ್ಕಾರಕ್ಕೆ ಹೋಯಿತು. ಸಂನ್ಯಾಸಿಗಳ ಪಾಲಿಗೆ ಅದು ದಬ್ಬಾಳಿಕೆಯೇ, ನಾನು ಹಾಗೇ ತಿಳಿಯುತ್ತೇನೆ. 1867ರಿಂದ ಅದೇ ಕಟ್ಟಡಗಳಲ್ಲಿ ಮನೋರೋಗಿಗಳ ಆಸ್ಪತ್ರೆ ನಡೆಯಿತು. 2000ದಲ್ಲಿ ನಡುಗಡ್ಡೆಯ ಆಸ್ಪತ್ರೆ ಮುಚ್ಚಿತು.

ಆಮೇಲೂ ಸರ್ಕಾರ ಅದನ್ನು ಮಾರಲಿಲ್ಲ. 2003ರಲ್ಲಿ ಒಂದು ಭಾಗಕ್ಕೆ ಸಂನ್ಯಾಸಿನಿಯರ ಚಿಕ್ಕ ಬಳಗ ಬಂತು. 2014ರಲ್ಲಿ ಸಂಗೀತಗಾರರು ತಂಗಿ ತಾಲೀಮು ಮಾಡುವ ಕೇಂದ್ರ ತೆರೆಯಿತು. ಅದರ ಹಿಂದಿನ ಹಣ ರಾಜಕಾರಣಿ ಕ್ರಿಸ್ಟೋಫ್ ಬ್ಲೋಖರ್ ಅವರದು. ಒಳ್ಳೆಯದೇ. ಆದರೆ ನನ್ನ ಮನಸ್ಸು ನಿಂತದ್ದು ಅಲ್ಲಲ್ಲ, ದಂಡೆಯ ಹೊಲದಲ್ಲಿ.

ಆ ಹೊಲವನ್ನು ಸರ್ಕಾರ ಫಿಂಟನ್ ಪ್ರತಿಷ್ಠಾನಕ್ಕೆ ಲಾವಣಿಗೆ ಕೊಟ್ಟಿದೆ. ಒಂಬತ್ತನೆಯ ಶತಮಾನದಲ್ಲಿ ಈ ಮಠದಲ್ಲಿದ್ದ ಐರ್ಲೆಂಡಿನ ವಿರಕ್ತನ ಹೆಸರು ಅದು. 1998ರಿಂದ ಅಲ್ಲಿ ರಾಸಾಯನಿಕ ಗೊಬ್ಬರ, ಔಷಧಿ ಇಲ್ಲದ ಬೇಸಾಯ. ದನ ಇವೆ, ದ್ರಾಕ್ಷಿ ಇದೆ, ತರಕಾರಿ ಇದೆ. ಬುದ್ಧಿಮಾಂದ್ಯರಾದವರು, ಮನಸ್ಸು ಕುಗ್ಗಿದವರು ಅಲ್ಲೇ ಉಳಿದು ದುಡಿಯುತ್ತಾರೆ. ಹಿಂದೆ ಇಂಥವರನ್ನೇ ಗೋಡೆಯೊಳಗೆ ಇಟ್ಟ ಊರದು, ನೆನಪಿರಲಿ. ಈಗ ಅವರ ಕೈಯಲ್ಲಿ ಕುರ್ಚಿಗಿ.

ಇನ್ನೊಂದು ಸಂಗತಿ ವ್ಯಾಪಾರಸ್ಥರಿಗೆ. ಅಲ್ಲಿ ಸತೀವಾ ಎಂಬ ಬೀಜದ ಕಂಪನಿ ಇದೆ. ಅದು ಮಾರುವುದು ಹೈಬ್ರಿಡ್ ಅಲ್ಲ. ಬೆಳೆದವ ಬೀಜ ಹಿಡಿದು ಮರುವರ್ಷ ತಾನೇ ಬಿತ್ತಬಹುದು, ನಮ್ಮ ಜವಾರಿ ಬೀಜದ ಹಾಗೆ. ಅಂದರೆ ಇಂದಿನ ಗಿರಾಕಿ ಬರುವ ವರ್ಷ ಅಂಗಡಿ ಮೆಟ್ಟಿಲು ಹತ್ತಬೇಕೆಂದೇನಿಲ್ಲ. "ಇದೆಂಥಾ ದಂಧೆರಿ, ಗಿರಾಕಿನ ಕಳಕೊಳ್ಳೋದು?" ಎಂದು ಯಾರಾದರೂ ಕೇಳಬಹುದು. ಆದರೂ ಇಪ್ಪತ್ತು ವರ್ಷ ದಾಟಿದರೂ ಅಂಗಡಿ ಮುಚ್ಚಿಲ್ಲ. ಬಿತ್ತನೆಗೆ ಮುಂಚೆ ಪ್ರತಿ ವರ್ಷ ಸಾಲ ತಂದು ಬೀಜದ ಚೀಲ ಕೊಳ್ಳುವ ನಮ್ಮ ರೈತರೂ, ಅದನ್ನು ಉದ್ರಿ ಕೊಡುವ ಅಂಗಡಿಯವರೂ ಈ ಲೆಕ್ಕವನ್ನು ಒಮ್ಮೆ ಕೂತು ಹಾಕಿ ನೋಡಲಿ.