ಗೋದಲಿಯ ಎಚ್ಚರ ಊಟದ ತಟ್ಟೆಗೂ ಇರಲಿ



ಸಂಘದಲ್ಲಿ ನಿಮ್ಮ ಹಾಲಿನ ಫ್ಯಾಟ್ 4ರಿಂದ 3ಕ್ಕೆ ಇಳಿದರೆ ಮರುದಿನವೇ ನನಗೆ ಫೋನ್ ಬರುತ್ತದೆ. ನಾನು ಮೊದಲು ಕೇಳುವುದು, ಒಣಮೇವು ಎಷ್ಟು ಹಾಕುತ್ತಿದ್ದೀರಿ ಎಂದು. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಹಾಲಿನ ಜಿಡ್ಡಿನ ದೊಡ್ಡ ಪಾಲು ಕೆಚ್ಚಲಿನಲ್ಲಿ ತಯಾರಾಗುವುದು ಅದರಿಂದಲೇ. ಪಶು ಆಹಾರ ಹೆಚ್ಚಾಗಿ ನಾರು ಕಡಿಮೆಯಾದರೆ ಜಿಡ್ಡು ಇಳಿಯುತ್ತದೆ. ಇದು ನಿಮಗೆ ಚೆನ್ನಾಗಿ ಗೊತ್ತು.

ಆದರೆ ಮನೆಯವರ ಊಟದಲ್ಲಿ ನಾರು ಕಡಿಮೆಯಾದರೆ ಅಳೆದು ಹೇಳುವ ಯಂತ್ರ ಯಾವ ಸಂಘದಲ್ಲೂ ಇಲ್ಲ. ರಾಗಿ ಹುಲ್ಲು ಕೊಟ್ಟಿಗೆಗೆ, ರಾಗಿ ಖರೀದಿ ಕೇಂದ್ರಕ್ಕೆ, ಮನೆಗೆ ಮಾತ್ರ ಪಾಲಿಶ್ ಅಕ್ಕಿ. ಎಷ್ಟೋ ಮನೆಗಳಲ್ಲಿ ಈಗ ಇದೇ ರೂಢಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಸುವಿನಂತೆ ನಾವು ನಾರನ್ನೇ ತಿಂದು ಬದುಕಲಾರೆವು, ನಿಜ. ಆದರೂ ಅದು ಮಲಬದ್ಧತೆ ತಡೆಯುತ್ತದೆ, ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಒಮ್ಮೆಗೇ ಏರದಂತೆ ಹಿಡಿಯುತ್ತದೆ, ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುತ್ತದೆ.

ಇನ್ನು ಜಿಡ್ಡಿನ ಮಾತು. ಹಾಲಿನ ಕೊಬ್ಬಿಗೆ ಹೆದರಿ ಹಾಲನ್ನೇ ಬಿಟ್ಟವರಿದ್ದಾರೆ. ಹಾಲೆಲ್ಲ ಸಂಘಕ್ಕೆ ಹಾಕಿ ಮಕ್ಕಳ ಕೈಗೆ ಬೇಕರಿ ತಿಂಡಿ ಕೊಡುವವರೂ ಇದ್ದಾರೆ. ಲೆಕ್ಕ ನೋಡಿ: 3.5 ಫ್ಯಾಟ್ ಇರುವ 200 ಮಿ.ಲೀ. ಹಾಲಿನಲ್ಲಿ ಜಿಡ್ಡು 7 ಗ್ರಾಂ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಐದು ಗ್ರಾಂ ಒಳಗೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇದರ ಮಿತಿ ಸುಮಾರು 22 ಗ್ರಾಂ. ಹಾಗಾಗಿ ಒಂದು ಲೋಟ ಹಾಲಿಗೆ ಹೆದರಬೇಕಿಲ್ಲ. ಕೈ ಬಿಗಿ ಹಿಡಿಯಬೇಕಾದ್ದು ವನಸ್ಪತಿಯ ತಿಂಡಿ, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬೋಂಡ, ಬಜ್ಜಿಯ ವಿಷಯದಲ್ಲಿ. ತುಪ್ಪವೂ ಚಮಚದ ಲೆಕ್ಕದಲ್ಲಿರಲಿ.

ಒಕ್ಕೂಟದ ನೌಕರನಾಗಿದ್ದೂ ಹೇಳುತ್ತೇನೆ: ಹಾಲನ್ನೆಲ್ಲ ಸಂಘಕ್ಕೆ ಹಾಕಬೇಡಿ. ಮನೆಯಲ್ಲಿ ತಲೆಗೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ತನ್ನಿ. ವರ್ಷದ ಊಟಕ್ಕೆ ಬೇಕಾದಷ್ಟು ರಾಗಿಯನ್ನು ಕಣದಲ್ಲೇ ಎತ್ತಿಡಿ. ಅವರೆ, ಹುರುಳಿ, ಹಿತ್ತಲ ಸೊಪ್ಪು ದಿನವೂ ಸಾರಿಗೆ ಬೀಳಲಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿ. ನಾನು ದನದ ಡಾಕ್ಟರು. ಆದರೆ ಹಸುವಿನ ಮೇವಿಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಮನೆಯವರ ಊಟಕ್ಕೂ ಕೊಡಿ. ಹಾಲು ಕರೆಯುವವರು ಗಟ್ಟಿಯಾಗಿದ್ದರೆ ತಾನೇ ಹೈನುಗಾರಿಕೆ?