ಫೋಮ್‌ಗೆ ಬಗ್ಗದ ಬಾಸ್

ರೂಮಲ್ಲಿ ಬಾಸ್ ಗುಂಯ್ ಅಂದ ಕೂಡಲೇ ನಮ್ಮಲ್ಲಿ ಹಲವರು ಒಂದಿಂಚಿನ ಫೋಮ್ ತರಿಸಿ ಗೋಡೆಗೆ ಅಂಟಿಸ್ತಾರೆ, ಇಲ್ಲಾಂದ್ರೆ ಮೊಟ್ಟೆ ಟ್ರೇ. ಬಾಸ್ ಮಟ್ಟಿಗೆ ಎರಡೂ ದಂಡ ಅನ್ನೋದು ನಮ್ಮ ವಾದ.

ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದ್ರೆ 50 ಹರ್ಟ್ಸ್ ಅಲೆಯ ಉದ್ದ ಹತ್ತಿರಹತ್ತಿರ 6.9 ಮೀಟರ್. 3.4 ಮೀಟರ್ ಉದ್ದದ ರೂಮಲ್ಲಿ ಅದರ ಅರ್ಧ ಸರಿಯಾಗಿ ಕೂತು ರೆಸೊನೆನ್ಸ್ ಆಗುತ್ತೆ. ಅಂಥ ಅಲೆಗೆ ಒಂದಿಂಚಿನ ಫೋಮ್ ಇದ್ದೂ ಇಲ್ಲದ ಹಾಗೆ. ಅದು ನುಂಗೋದು ಮೇಲಿನ ಸ್ವರಗಳನ್ನ ಮಾತ್ರ. ತಾಳದ ಝಣ್ ಹೋಗಿ ಗುಂಯ್ ಹಾಗೇ ಉಳಿಯುತ್ತೆ. ದುಡ್ಡು ಕೊಟ್ಟು ರೂಮನ್ನ ಇನ್ನಷ್ಟು ಕೆಡಿಸಿದಂತೆ.

ಮೊದಲು ಕುರ್ಚಿ, ಸ್ಪೀಕರ್ ಸರಿಸಿ ನೋಡೋಣ, ಅದಕ್ಕೆ ಖರ್ಚಿಲ್ಲ. ರೂಮಿನ ನಟ್ಟನಡುವೆ ಕೂತರೆ ಆ 50 ಹರ್ಟ್ಸ್ ಮಾಯ, ಗೋಡೆಗೆ ಒರಗಿದರೆ ಅಬ್ಬರ. ಆಮೇಲೆ ಮೂಲೆಗಳು. ಎಲ್ಲ ಮೋಡ್‌ಗಳ ಒತ್ತಡ ಹೆಚ್ಚಿರೋದು ಅಲ್ಲೇ. ಬಟ್ಟೆ ಸುತ್ತಿದ ಆರಿಂಚು ದಪ್ಪದ ರಾಕ್‌ವೂಲ್ ಅನ್ನ ಹಿಂದೆ ಜಾಗ ಬಿಟ್ಟು ನಿಲ್ಲಿಸಬೇಕು. ಗೋಡೆಗೆ ತಾಗಿದ ಗಾಳಿ ಅಲುಗಾಡಲ್ಲ, ಅದಕ್ಕೇ ಆ ಅಂತರ. 50 ಹರ್ಟ್ಸ್ ಪೂರ್ತಿ ಸಾಯಲ್ಲ, ಆದ್ರೆ 100ರ ಆಸುಪಾಸಿನ ಗುಂಯ್ ಚೆನ್ನಾಗಿ ತಗ್ಗುತ್ತೆ.

ಪರೀಕ್ಷೆಗೆ ಉರು ಹೊಡೆದ ತರಂಗಾಂತರದ ಸೂತ್ರವನ್ನ ಫೋಮ್ ಆರ್ಡರ್ ಮಾಡೋ ಮುಂಚೆಯೂ ಒಂದ್ಸಲ ಹಾಕಿ ನೋಡೋಣ.