ಜಾಗ ಸಿಕ್ತು ಮಾವ

2025ರ ಜೂನ್ ತಿಂಗಳು ಮುಗಿಯುವ ಹೊತ್ತಿಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಸಮಾಧಾನ ಹೇಳುವುದಿತ್ತು. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಹುಟ್ಟಿ ಬೆಳೆದ ಹುಡುಗ, ಹದಿನೈದು ವರ್ಷ. ನಮಗೆ ಹಾಕಿ ಎಂದರೆ ಕೊಡಗು ಕಣ್ಣ ಮುಂದೆ ಬರುತ್ತದೆ. ಅವನಿಗೆ ಹಾಕಿ ಎಂದರೆ ಮಂಜುಗಡ್ಡೆ, ಸ್ಕೇಟು, ನೀಲಿ ಅಂಗಿಯ ಟೊರೊಂಟೊ ಮೇಪಲ್ ಲೀಫ್ಸ್. ಆರು ವರ್ಷದವನಿದ್ದಾಗಿನಿಂದ ಮಿಚ್ ಮಾರ್ನರ್ ಎಂಬ ಆಟಗಾರನ 16ನೇ ನಂಬರಿನ ಅಂಗಿ ಅವನ ಮೈಮೇಲಿತ್ತು. ಒಮ್ಮೆ ಮೈಸೂರಿಗೆ ಬಂದಿದ್ದಾಗ ಅಜ್ಜಿ ಒಗೆಯಲು ಕೇಳಿದರೂ ಬಿಚ್ಚಿ ಕೊಟ್ಟಿರಲಿಲ್ಲ. ಆ ಮಾರ್ನರ್ ಈಗ ಒಂಬತ್ತು ಸೀಸನ್ ಆಡಿದ ತವರಿನ ತಂಡ ಬಿಟ್ಟು ಲಾಸ್ ವೇಗಸ್‌ಗೆ ಹೊರಟಿದ್ದ. ಹುಡುಗ ಊಟ ಬಿಟ್ಟು ಕೂತಿರಬಹುದು ಎಂದುಕೊಂಡಿದ್ದೆ.

"ಪರವಾಗಿಲ್ಲ ಮಾವ," ಅಂದ. "ಹತ್ತಿರ ಹತ್ತಿರ ಹನ್ನೊಂದು ಮಿಲಿಯನ್ ಜಾಗ ಸಿಕ್ತು."

ಜಾಗ ಸಿಕ್ತು. ಬಸ್ಸಿನಲ್ಲಿ ಯಾರೋ ಎದ್ದು ಇಳಿದಾಗ ನಾವು ಹೇಳುವ ಮಾತು. ಬಾಡಿಗೆಯವರು ಮನೆ ಬಿಟ್ಟಾಗ ಮನೆಯೊಡೆಯರು ಹೇಳುವ ಮಾತು. ಬಾಲ್ಯವಿಡೀ ಆರಾಧಿಸಿದ ಆಟಗಾರನ ಬಗ್ಗೆ ಹದಿನೈದರ ಹುಡುಗ ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆ ಮಾತನ್ನು ಅವನ ಬಾಯಿಗೆ ಕೊಟ್ಟವರ ಮೇಲೆ. ಈ ಬರಹ ಆ ಸಿಟ್ಟಿನದ್ದು.

ಅಮೆರಿಕ ಮತ್ತು ಕೆನಡಾದ 32 ತಂಡಗಳು ಆಡುವ ಎನ್‌ಎಚ್‌ಎಲ್ ಎಂಬ ಲೀಗಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಪಂದ್ಯಗಳಿರುವುದಿಲ್ಲ. ಮಾತು ಮಾತ್ರ ಆಗಲೇ ಹೆಚ್ಚು. ಆ ತಿಂಗಳುಗಳ ಮಾತೆಲ್ಲ ಸುತ್ತುವುದು 'ಸ್ಯಾಲರಿ ಕ್ಯಾಪ್' ಎಂಬ ಗೂಟದ ಸುತ್ತ: ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚು ಸಂಬಳದ ಲೆಕ್ಕ ಹೊರುವಂತಿಲ್ಲ ಎಂಬ ಮಿತಿ. 2025-26ರ ಸೀಸನ್‌ಗೆ ಅದು 9.55 ಕೋಟಿ ಡಾಲರ್. ಕೆಳಗೂ ಒಂದು ಮಿತಿಯಿದೆ, 7.06 ಕೋಟಿ, ಅದಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಬೇಸಿಗೆಯಲ್ಲಿ ಮಾತ್ರ ಮೇಲಿನ ಗೆರೆಯನ್ನು ನೂರಕ್ಕೆ ಹತ್ತರಷ್ಟು ದಾಟಬಹುದು. ಅಕ್ಟೋಬರ್‌ನಲ್ಲಿ ಆಟ ಶುರುವಾಗುವ ಹೊತ್ತಿಗೆ 23 ಜನರ ಪಟ್ಟಿಯನ್ನು ಗೆರೆಯೊಳಗೆ ಇಳಿಸಬೇಕು. ಯಾರನ್ನು ಇಳಿಸುವುದು, ಯಾರನ್ನು ದಾಟಿಸುವುದು, ಯಾರ ಒಪ್ಪಂದವನ್ನು ಯಾರ ತಲೆಗೆ ಕಟ್ಟುವುದು, ಇದೇ ಬೇಸಿಗೆಯ ಆಟ. ಇದನ್ನು ಚೆನ್ನಾಗಿ ಆಡುವ ಜನರಲ್ ಮ್ಯಾನೇಜರನನ್ನು ಚಾಣಕ್ಯನಂತೆ ಹೊಗಳುತ್ತಾರೆ.

ಈ ಮಿತಿ ಆಕಾಶದಿಂದ ಬಿದ್ದದ್ದಲ್ಲ. 2004ರಲ್ಲಿ ಮಾಲೀಕರು ಕ್ರೀಡಾಂಗಣಗಳಿಗೆ ಬೀಗ ಹಾಕಿದರು. 2004-05ರ ಇಡೀ ಸೀಸನ್ನಿನಲ್ಲಿ ಒಂದೇ ಒಂದು ಪಂದ್ಯ ನಡೆಯಲಿಲ್ಲ, ಸ್ಟ್ಯಾನ್ಲಿ ಕಪ್ ಯಾರಿಗೂ ಹೋಗಲಿಲ್ಲ. ಕೊನೆಗೆ ಆಟಗಾರರ ಸಂಘ ಮಣಿಯಿತು. ಆಗಲೇ ಸಹಿಯಾಗಿದ್ದ ಒಪ್ಪಂದಗಳಲ್ಲಿ ನೂರಕ್ಕೆ 24ರಷ್ಟು ಕಡಿತ, ಜೊತೆಗೆ 3.9 ಕೋಟಿ ಡಾಲರಿನ ಮೊದಲ ಕ್ಯಾಪ್. ಬೀಗ ಹಾಕಿ ಗೆದ್ದ ಈ ಸಂಬಳ ಕಡಿತಕ್ಕೆ ಇಂದು ಸಮಾನತೆ ಎಂಬ ಹೆಸರಿದೆ. ಶ್ರೀಮಂತ ನಗರದ ತಂಡವೂ ಸಣ್ಣ ನಗರದ ತಂಡವೂ ಒಂದೇ ತಕ್ಕಡಿಯಲ್ಲಿ ನಿಲ್ಲಬೇಕು, ಅದಕ್ಕೇ ಕ್ಯಾಪ್ ಎನ್ನುತ್ತಾರೆ.

ಈ ವಾದವನ್ನು ತಳ್ಳಿಹಾಕುವಂತಿಲ್ಲ. 1995ರಲ್ಲಿ ಕ್ವಿಬೆಕ್ ನಗರ, 1996ರಲ್ಲಿ ವಿನ್ನಿಪೆಗ್ ತಮ್ಮ ತಂಡಗಳನ್ನು ಕಳೆದುಕೊಂಡದ್ದು ದುಡ್ಡಿನ ಜಗ್ಗಾಟದಲ್ಲೇ. ಕ್ಯಾಪ್ ಬಂದ ಮೊದಲ ವರ್ಷ, 2006ರ ಫೈನಲ್‌ನಲ್ಲಿ ಎದುರಾದದ್ದು ಕ್ಯಾರೊಲೈನಾ ಮತ್ತು ಎಡ್ಮಂಟನ್, ಎರಡೂ ದೊಡ್ಡ ನಗರಗಳಲ್ಲ. ಸರಿ. ಆದರೆ ಆಮೇಲಿನ ಕಥೆಯನ್ನೂ ನೋಡಿ. ಕ್ಯಾಪ್ ಇದ್ದಾಗಲೇ 2011ರಲ್ಲಿ ಅಟ್ಲಾಂಟಾದ ತಂಡ ಎದ್ದು ಹೋಯಿತು, 2024ರಲ್ಲಿ ಅರಿಜೋನಾದ್ದು. ಇನ್ನು ತಕ್ಕಡಿ? ಕ್ಯಾಪ್ ಎಣಿಸುವುದು ತೆರಿಗೆಗೆ ಮುಂಚಿನ ಸಂಬಳವನ್ನು. ಫ್ಲಾರಿಡಾ, ನೆವಾಡಾಗಳಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಟೊರೊಂಟೊದಲ್ಲಿ ಅದೇ ಡಾಲರು ಕೈಗೆ ಬರುವಷ್ಟರಲ್ಲಿ ಸವೆದಿರುತ್ತದೆ. 2020ರಿಂದ 2025ರವರೆಗಿನ ಆರು ಕಪ್‌ಗಳಲ್ಲಿ ಐದು ಹೋದದ್ದು ಈ ಎರಡೇ ರಾಜ್ಯಗಳಿಗೆ. ತೆರಿಗೆಯೊಂದೇ ಕಾರಣ ಎನ್ನುವಷ್ಟು ದಡ್ಡ ನಾನಲ್ಲ, ಆ ತಂಡಗಳು ಚೆನ್ನಾಗಿಯೇ ಆಡಿದವು. ಆದರೆ 2025ರ ಬೇಸಿಗೆಯಲ್ಲಿ ಕಪ್ ಗೆದ್ದ ಫ್ಲಾರಿಡಾ ಪ್ಯಾಂಥರ್ಸ್ ತನ್ನ ಬೆನೆಟ್, ಎಕ್‌ಬ್ಲಾಡ್, ಮರ್ಶಾಂಡ್ ಮೂವರನ್ನೂ ಮಿತಿಯೊಳಗೇ ಉಳಿಸಿಕೊಂಡದ್ದನ್ನು ಬರೀ ಮ್ಯಾನೇಜರನ ಜಾಣತನ ಎಂದು ಬರೆಯುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ.

ಅರಿಜೋನಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಈ ತಂಡಕ್ಕೆ ಕೆಳಗಿನ ಮಿತಿ ಮುಟ್ಟುವುದೇ ಕಷ್ಟ, ಮಾಲೀಕರಿಗೆ ಅಷ್ಟು ಸಂಬಳ ಕೊಡುವ ಮನಸ್ಸಿಲ್ಲ. ಹಾಗಾಗಿ ಆಡದವರನ್ನು ಕೊಳ್ಳತೊಡಗಿದರು. ಕ್ರಿಸ್ ಪ್ರಾಂಗರ್ ಕೊನೆಯ ಪಂದ್ಯ ಆಡಿದ್ದು 2011ರಲ್ಲಿ, ಕಣ್ಣು ತಲೆಗಳಿಗೆ ಬಿದ್ದ ಪೆಟ್ಟಿನಿಂದ ಆಟ ನಿಂತಿತ್ತು. 2015ರಲ್ಲಿ ಅರಿಜೋನಾ ಅವನ ಒಪ್ಪಂದವನ್ನು ಕೊಂಡಿತು. ಅದೇ ವರ್ಷ ಅವನು ಹಾಕಿಯ ಹಾಲ್ ಆಫ್ ಫೇಮ್ ಸೇರಿದ. ಗೌರವ ಸ್ವೀಕರಿಸುತ್ತಿದ್ದ ನಿವೃತ್ತ ಮಹನೀಯ ಕಾಗದದಲ್ಲಿ ಅರಿಜೋನಾದ ಆಟಗಾರ. ಮರುವರ್ಷ ಪಾವೆಲ್ ದತ್ಸ್ಯೂಕ್. ಪಕ್ ಅವನ ಕೋಲಿಗೆ ದಾರ ಕಟ್ಟಿದಂತೆ ಅಂಟಿಕೊಂಡಿರುತ್ತಿತ್ತು, ಅಂಥ ಕೈಚಳಕ. ಅವನು ರಷ್ಯಾಕ್ಕೆ ಮರಳಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಡಲು ಹೊರಟಿದ್ದ. ಆದರೂ ಅವನ ಹೆಸರಿನ 75 ಲಕ್ಷ ಡಾಲರು ಡೆಟ್ರಾಯಿಟ್ ತಂಡದ ಲೆಕ್ಕದಲ್ಲಿ ಕೂತಿತ್ತು. ಡೆಟ್ರಾಯಿಟ್ ಡ್ರಾಫ್ಟಿನ ತನ್ನ 16ನೇ ಸರದಿಯನ್ನು ಬಿಟ್ಟು 20ನೆಯದಕ್ಕೆ ಹಿಂದೆ ಸರಿದು ಆ ಹೆಸರನ್ನು ಅರಿಜೋನಾಕ್ಕೆ ದಾಟಿಸಿತು. ಅರಿಜೋನಾಕ್ಕೆ ಲೆಕ್ಕದಲ್ಲಿ 75 ಲಕ್ಷ, ಕೈಯಿಂದ ಹೋದದ್ದು ಸೊನ್ನೆ. 2018ರಲ್ಲಿ ಮರಿಯನ್ ಹೊಸಾ. ಆಟದ ಕವಚಗಳೇ ಅವನ ಚರ್ಮಕ್ಕೆ ಒಗ್ಗದೆ ಮೈಯೆಲ್ಲ ರೋಗವಾಗಿ ಆಟ ಬಿಟ್ಟವನು.

ಗೊಗೊಲ್‌ನ 'ಡೆಡ್ ಸೋಲ್ಸ್' ಓದಿದವರಿಗೆ ಚಿಚಿಕೋವ್ ನೆನಪಾದಾನು. ಊರೂರು ಸುತ್ತಿ ಸತ್ತ ಜೀತದಾಳುಗಳನ್ನು ಕಾಗದದ ಮೇಲೆ ಕೊಳ್ಳುವವನು ಅವನು, ಸರ್ಕಾರಿ ಲೆಕ್ಕದಲ್ಲಿ ಅವರಿನ್ನೂ ಬದುಕಿದ್ದಾರೆ ಎಂಬ ಒಂದೇ ಕಾರಣಕ್ಕೆ. ಅಷ್ಟು ದೂರ ಹೋಗುವುದೂ ಬೇಡ. ಇನ್‌ಸ್ಪೆಕ್ಟರು ಬರುವ ದಿನ ಪಕ್ಕದೂರಿನ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದ ಶಾಲೆಗಳ ಕಥೆ ನಮ್ಮಲ್ಲಿ ಯಾರು ಕೇಳಿಲ್ಲ? ಅಲ್ಲಿ ಅದಕ್ಕೆ ಮೋಸ ಎನ್ನುತ್ತೇವೆ. ಇಲ್ಲಿ ಅದು ಚಾತುರ್ಯ, ನಿಯಮದೊಳಗೇ ಇದೆ. ಸಣ್ಣ ನಗರದ ತಂಡವನ್ನು ಬಲಪಡಿಸಲೆಂದು ಇಟ್ಟ ಕೆಳಮಿತಿ ಆ ನಗರದ ಪ್ರೇಕ್ಷಕರಿಗೆ ಕೊಟ್ಟದ್ದು ರಿಂಕಿನ ಮೇಲೆ ಎಂದೂ ಕಾಲಿಡದ ಹೆಸರುಗಳನ್ನು. ಕಡೆಗೆ ಆ ನಗರಕ್ಕೆ ತಂಡವೂ ಉಳಿಯಲಿಲ್ಲ.

ಮೇಲ್ಮಿತಿಯ ಕಡೆಗೂ ಅಷ್ಟೇ ಚಾತುರ್ಯ. 2021ರಲ್ಲಿ ಟ್ಯಾಂಪಾ ಬೇ ತಂಡದ ನಿಕಿತಾ ಕುಚೆರೊವ್ ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ ಲೀಗ್ ಹಂತ ಆಡಲಿಲ್ಲ. ಗಾಯಾಳುವಿನ ಸಂಬಳದಷ್ಟು ಜಾಗ ತಂಡಕ್ಕೆ ಸಿಗುತ್ತದೆ. ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಅವನು ಸರಿಯಾಗಿ ಹಾಜರಾದ, ಆಗ ಪ್ಲೇಆಫ್‌ನಲ್ಲಿ ಕ್ಯಾಪ್ ಲೆಕ್ಕವೇ ಇರಲಿಲ್ಲ. ಗೆದ್ದ ಮೇಲೆ, ಮಿತಿಯನ್ನು 1.8 ಕೋಟಿ ಡಾಲರು ಮೀರಿದ್ದೇವೆ ಎಂದು ಅಚ್ಚು ಹಾಕಿಸಿದ ಟಿ-ಶರ್ಟ್ ತೊಟ್ಟು ಮೆರೆದ. ಆ ಕಿಂಡಿಯನ್ನು ಲೀಗು ಈಗ ಮುಚ್ಚಿದೆ. ನನಗೆ ಆ ಟಿ-ಶರ್ಟ್ ಮೇಲೆ ಸಿಟ್ಟಿಲ್ಲ. ಇಡೀ ವ್ಯವಹಾರದಲ್ಲಿ ನಿಜ ಹೇಳಿದ್ದು ಅದೊಂದೇ ಬಟ್ಟೆ.

ಇನ್ನು ಮಿನೆಸೊಟಾ. 2012ರ ಜುಲೈ 4ರಂದು ಜಾಕ್ ಪರೀಸೆ, ರಯಾನ್ ಸೂಟರ್ ಇಬ್ಬರೂ ಆ ತಂಡಕ್ಕೆ ಸಹಿ ಹಾಕಿದರು. ಹದಿಮೂರು ವರ್ಷ, ತಲಾ 9.8 ಕೋಟಿ ಡಾಲರ್. ಪರೀಸೆ ಅದೇ ರಾಜ್ಯದ ಹುಡುಗ, ಅವನ ಅಪ್ಪನೂ ಮಿನೆಸೊಟಾ ಪರ ಆಡಿದವರು. ಊರು ಹಬ್ಬ ಮಾಡಿತು. 2021ರಲ್ಲಿ ಇಬ್ಬರನ್ನೂ ಒಂದೇ ದಿನ 'ಬೈಔಟ್' ಮಾಡಿ ಕಳಿಸಿದರು, ಅಂದರೆ ಬಾಕಿ ಸಂಬಳದ ಮೂರರಲ್ಲಿ ಎರಡು ಪಾಲು ಕೊಟ್ಟು, ಅದನ್ನೂ ಉಳಿದ ವರ್ಷಗಳ ಎರಡರಷ್ಟು ಕಾಲಕ್ಕೆ ಹಂಚಿ. ಇಬ್ಬರೂ ಬೇರೆ ತಂಡಗಳಿಗೆ ಆಡುತ್ತಿದ್ದಾಗ ಮಿನೆಸೊಟಾದ ಲೆಕ್ಕದಲ್ಲಿ ಅವರ ಹೆಸರಿಗೆ ವರ್ಷಕ್ಕೆ 1.47 ಕೋಟಿ ಡಾಲರಿನವರೆಗೂ ಕೂತಿತ್ತು. ಇದಕ್ಕೆ ಅಲ್ಲಿ ಬಳಸುವ ಪದ 'ಸತ್ತ ಹಣ'. ಒಪ್ಪಂದ ಬರೆದವರು ಯಾರು? ಮಾಲೀಕ ಮತ್ತು ಆಗಿನ ಮ್ಯಾನೇಜರ್. ಅಭಿಮಾನಿಗಳ ಬಾಯಲ್ಲಿ ಭಾರವಾದವರು ಯಾರು? ಆಡಿದ ಇಬ್ಬರು.

ಕೋಟಿ ಕೋಟಿ ಎಣಿಸುವವರಿಗಾಗಿ ನಾವೇಕೆ ಮರುಗಬೇಕು ಎಂದು ಕೇಳುತ್ತೀರಿ. ಮರುಗಬೇಡಿ. ದುಡ್ಡು ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ನೋಡಿ. ಈಗಿನ ಒಪ್ಪಂದದ ಪ್ರಕಾರ ಹಾಕಿಯ ಆದಾಯದಲ್ಲಿ ಅರ್ಧ ಆಟಗಾರರದ್ದು, ಅರ್ಧ ಮಾಲೀಕರದ್ದು. ಆದರೆ 'ಹಾಕಿಯ ಆದಾಯ' ಯಾವುದು ಎಂದು ಬರೆದ ಪಟ್ಟಿಯಲ್ಲಿ ಹೊಸ ತಂಡಗಳು ಕೊಡುವ ಪ್ರವೇಶ ಶುಲ್ಕವಿಲ್ಲ. ವೇಗಸ್ ಕೊಟ್ಟ 50 ಕೋಟಿ ಡಾಲರು, ಸಿಯಾಟಲ್ ಕೊಟ್ಟ 65 ಕೋಟಿ ಹಳೆಯ ಮಾಲೀಕರಿಗೆ ಹಂಚಿಹೋಯಿತು, ಆಟಗಾರರಿಗೆ ಅದರಲ್ಲಿ ಪಾಲಿಲ್ಲ. 2003ರಲ್ಲಿ ದಿವಾಳಿಯೆದ್ದಿದ್ದ ಒಟ್ಟಾವಾ ತಂಡ 2023ರಲ್ಲಿ 95 ಕೋಟಿ ಡಾಲರಿಗೆ ಮಾರಾಟವಾಯಿತು. ಈ ಏರಿಕೆಗೆ ಯಾವ ಕ್ಯಾಪ್ ಇದೆ?

ಅರ್ಧ ಎಂದು ಗೆರೆ ಎಳೆದ ಮೇಲೆ ಜಗಳದ ದಿಕ್ಕೇ ಬದಲಾಯಿತು. ಮೊದಲು ಆಟಗಾರ ಮಾಲೀಕನ ಜೊತೆ ಜಗಳವಾಡುತ್ತಿದ್ದ. ಈಗ ಒಬ್ಬನಿಗೆ ಹೆಚ್ಚು ಸಿಕ್ಕರೆ ಅದು ಪಕ್ಕದ ಕುರ್ಚಿಯವನ ಪಾಲು. 2025ರ ಅಕ್ಟೋಬರ್‌ನಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ ಕಾನರ್ ಮೆಕ್‌ಡೇವಿಡ್ ಎಡ್ಮಂಟನ್ ಜೊತೆ ಹಳೆಯ ದರಕ್ಕೇ, ವರ್ಷಕ್ಕೆ 1.25 ಕೋಟಿ ಡಾಲರಿಗೆ, ಮತ್ತೆ ಸಹಿ ಹಾಕಿದ. ಕೆಲವೇ ದಿನ ಮುಂಚೆ ಕಿರಿಲ್ ಕಪ್ರಿಜೋವ್ ಮಿನೆಸೊಟಾದಿಂದ 1.7 ಕೋಟಿ ಬರೆಸಿಕೊಂಡಿದ್ದ. ಒಬ್ಬ ತ್ಯಾಗಿ, ಒಬ್ಬ ದುರಾಸೆಯವ ಎಂದು ಮಾತು ಹರಿಯಿತು. ಟಿಕೆಟ್ ದರ ಇಳಿಸಿ ತ್ಯಾಗ ಮಾಡು ಎಂದು ಯಾವ ಮಾಲೀಕನನ್ನಾದರೂ ಯಾರಾದರೂ ಕೇಳಿದರೇ?

2024ರ ಆಗಸ್ಟ್‌ನಲ್ಲಿ ಇದೇ ಎಡ್ಮಂಟನ್ನಿನ ಇಬ್ಬರು ಹುಡುಗರಿಗೆ, ಬ್ರೊಬೆರ್ಗ್ ಮತ್ತು ಹಾಲೊವೇಗೆ, ಸೇಂಟ್ ಲೂಯಿಸ್ ತಂಡ 'ಆಫರ್ ಶೀಟ್' ಕಳಿಸಿತು. ಹಳೆಯ ತಂಡದ ಹಿಡಿತದಲ್ಲೇ ಇರುವ ಎಳೆಯ ಆಟಗಾರನಿಗೆ ಬೇರೆ ತಂಡ ಬೆಲೆ ಹೇಳುವ ಹಕ್ಕು ಅದು. ಏಳು ದಿನದೊಳಗೆ ಅಷ್ಟೇ ಕೊಟ್ಟು ಉಳಿಸಿಕೊಳ್ಳಬಹುದಿತ್ತು. ಎಡ್ಮಂಟನ್ ಬಿಟ್ಟುಕೊಟ್ಟಿತು, ಕ್ಯಾಪ್‌ನಲ್ಲಿ ಜಾಗವಿರಲಿಲ್ಲ. ದರೋಡೆ ಎಂದು ಕೂಗೆದ್ದಿತು. ಎಳೆಯ ಆಟಗಾರ ತನ್ನ ನಿಜವಾದ ಬೆಲೆ ತಿಳಿದುಕೊಳ್ಳಲು ಇರುವ ಕೆಲವೇ ಬಾಗಿಲುಗಳಲ್ಲಿ ಒಂದು ತೆರೆದರೆ ಅಭಿಮಾನಿಯ ಬಾಯಲ್ಲಿ ಅದು ದರೋಡೆ. ಮಾಲೀಕನ ಸಿಟ್ಟನ್ನು ಇವನು ಬಿಟ್ಟಿಯಾಗಿ ಪಡುತ್ತಿದ್ದಾನೆ.

ಈ ಬಿಟ್ಟಿ ಶಾನುಭೋಗಿಕೆಗೆ ಒಂದು ಪುರಾವೆ ಇದೆ. ಕ್ಯಾಪ್‌ಫ್ರೆಂಡ್ಲಿ ಎಂಬ ಜಾಲತಾಣ ಪ್ರತಿ ಒಪ್ಪಂದವನ್ನೂ ಪೈಸೆ ಬಿಡದೆ ಎಣಿಸಿಡುತ್ತಿತ್ತು. ಲಕ್ಷಾಂತರ ಜನ ಅಲ್ಲಿ ತಮ್ಮದೇ ತಂಡ ಕಟ್ಟಿ, ಒಡೆದು, ಮತ್ತೆ ಕಟ್ಟುತ್ತಿದ್ದರು. ಅದನ್ನು ವಾಷಿಂಗ್ಟನ್ ತಂಡವೇ ಕೊಂಡುಕೊಂಡಿತು, 2024ರ ಜುಲೈಯಲ್ಲಿ ಸಾರ್ವಜನಿಕರಿಗೆ ಬಾಗಿಲು ಮುಚ್ಚಿತು. ಹುಡುಗರು ಮರುದಿನವೇ ಬೇರೆ ತಾಣಕ್ಕೆ ಹೋಗಿ ಲೆಕ್ಕ ಮುಂದುವರಿಸಿದರು.

ದೂರದ ದೇಶದ ಹುಚ್ಚು ಎಂದು ನಗುವಂತಿಲ್ಲ. 2025ರ ಐಪಿಎಲ್ ಹರಾಜಿಗೆ ಮುನ್ನ ಆರ್‌ಸಿಬಿ ಮೂವರನ್ನು ಉಳಿಸಿಕೊಂಡು ಸಿರಾಜ್‌ನನ್ನು ಬಿಟ್ಟಾಗ ಬೆಂಗಳೂರಿನ ಟೀ ಅಂಗಡಿಗಳಲ್ಲಿ ನಾವಾಡಿದ ಮಾತೇನು? "ಪರ್ಸ್‌ನಲ್ಲಿ 83 ಕೋಟಿ ಉಳಿದಿದೆ ಗುರು." ಅಲ್ಲಿ ಹತ್ತು ತಂಡಗಳ ಪರ್ಸ್ ಒಟ್ಟು ಸೇರಿದರೆ 1,200 ಕೋಟಿ ರೂಪಾಯಿ. 2023ರಿಂದ ಐದು ವರ್ಷಕ್ಕೆ ಪ್ರಸಾರ ಹಕ್ಕು ಮಾರಿದ್ದು 48,390 ಕೋಟಿಗೆ. ಒಂದು ವರ್ಷಕ್ಕೆ ಎಷ್ಟಾಯಿತು ಎಂದು ನೀವೇ ಭಾಗಿಸಿ ನೋಡಿ. ಹಾಕಿಯವರಿಗೆ ಅರ್ಧ ಕೇಳಲು ಒಂದು ಸಂಘವಾದರೂ ಇದೆ. ನಮ್ಮಲ್ಲಿ ಈಗ ಆಡುತ್ತಿರುವವರಿಗೆ ಅದೂ ಇಲ್ಲ. ನಾವಂತೂ ಕೇಳಿದವರಲ್ಲ, ಉಳಿದ 83ರಲ್ಲಿ ಯಾರನ್ನು ತರಬಹುದು ಎಂದು ಟಿಶ್ಯೂ ಪೇಪರಿನ ಮೇಲೆ ಬರೆಯುತ್ತಿದ್ದೆವು. ನಾನೂ ಬರೆದಿದ್ದೇನೆ.

ಮಾರ್ನರ್ ಹೋದ ಆ ವಾರ ಹುಡುಗ ವಿಡಿಯೊ ಕಾಲ್‌ನಲ್ಲಿ ತನ್ನ ಲ್ಯಾಪ್‌ಟಾಪ್ ಪರದೆ ತೋರಿಸಿದ. ಮ್ಯಾಥ್ಯೂಸ್ ಎದುರಿಗೆ 13.25, ನೈಲಾಂಡರ್ ಎದುರಿಗೆ 11.5, ಕೆಳಗೆ ಹಸಿರು ಬಣ್ಣದಲ್ಲಿ ಉಳಿದ ಜಾಗ. ಅಚ್ಚುಕಟ್ಟಾದ ಕೆಲಸ, ಗಣಿತ ಚೆನ್ನಾಗಿದೆ. ಮಾಲೀಕರಿಗೆ ಈ ವರ್ಷ ಉಳಿಯುವುದು ಎಷ್ಟು, ಅದು ಯಾವ ಕಾಲಮ್ಮಿನಲ್ಲಿದೆ ಎಂದು ಕೇಳಿದೆ.

ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದ. "ಅದಕ್ಕೆ ಕಾಲಮ್ ಇಲ್ಲ ಮಾವ," ಅಂದ. ಅವನ ಹಿಂದೆ ಬೀರುವಿನ ಹಿಡಿಗೆ 16ರ ಅಂಗಿ ನೇತುಹಾಕಿತ್ತು. ಎಸೆಯಲು ತೆಗೆದಿಟ್ಟದ್ದೋ, ತೊಡಲೋ, ಕೇಳಲಿಲ್ಲ.